ಕೂತ್ಕೊಳ್ಳಿ ಅಕ್ಕನ ಕುರ್ಚಿ

ಪುಟ್ಟಿ ಅವಳನ್ನು ಮೊದಲ ಸಲ ನೋಡಿದ್ದು ಹಾಸ್ಟೆಲಿನ ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ, ಕಾಲೇಜಿಗೆ ಸೇರಿದ ದಿನ ಮಧ್ಯಾಹ್ನ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಎರಡು ಕಬ್ಬಿಣದ ಮಂಚ, ಗೋಡೆಯಲ್ಲಿ ಎರಡು ಕಪಾಟು, ಕಿಟಕಿಯ ಕೆಳಗೆ ಒಂದು ಮೇಜು, ಇಬ್ಬರಿಗೂ ಸೇರಿ ಒಂದೇ ಕುರ್ಚಿ. ಆ ಕುರ್ಚಿಯಲ್ಲಿ ಒಬ್ಬಳು ಕೂತಿದ್ದಳು. ಹುಡುಗಿ ಅನ್ನಲು ಬಾಯಿ ಬರುತ್ತಿರಲಿಲ್ಲ. ಇಪ್ಪತ್ತೈದು ದಾಟಿದ ಮುಖ. ಕೂದಲನ್ನು ಒಂದೆಳೆಯೂ ಹಾರದಂತೆ ಎಳೆದು ಗಂಟು ಹಾಕಿದ್ದಳು. ಅಂಥ ಸೆಕೆಯಲ್ಲೂ ಮೊಣಕಾಲಿನವರೆಗೆ ದಪ್ಪನೆಯ ಕಾಲುಚೀಲ ಏರಿಸಿಕೊಂಡು, ಎರಡೂ ಕಾಲನ್ನು ತನ್ನ ಟ್ರಂಕಿನ ಮೇಲೆ ಚಾಚಿ, ತೊಡೆಯ ಮೇಲಿಟ್ಟುಕೊಂಡು ಟವೆಲು ಮಡಚುತ್ತಿದ್ದಳು. ಅಂಚಿಗೆ ಅಂಚು, ಮೂಲೆಗೆ ಮೂಲೆ, ಆಮೇಲೆ ಅಂಗೈಯಿಂದ ಒಂದು ಸವರು. ಪಕ್ಕದಲ್ಲಿ ಮಡಚಿಟ್ಟ ಬಟ್ಟೆಗಳು ಅಂಗಡಿಯ ಕಪಾಟಿನಿಂದ ಈಗಷ್ಟೇ ಇಳಿಸಿದ ಹಾಗಿದ್ದವು.

ಪುಟ್ಟಿಯ ಹಿಂದೆ ಅವಳಪ್ಪ ನಿಂತಿದ್ದ, ಹೆಗಲ ಮೇಲೆ ಟ್ರಂಕು ಹೊತ್ತುಕೊಂಡು. ಅವನು ಬಾವಿ ತೋಡುವವನು. ಸೇರುವ ದಿನ ಮಾತ್ರ ಗಂಡಸರನ್ನು ಮೇಲಿನವರೆಗೆ ಬಿಡುತ್ತಿದ್ದರು. ಆದರೂ ಅವನು ಹೊಸ್ತಿಲು ದಾಟದೆ, ಒಳಗೆ ಕಾಲಿಡಬಹುದೋ ಬಾರದೋ ಅನ್ನುವ ಹಾಗೆ ನಿಂತುಬಿಟ್ಟಿದ್ದ.

"ಬನ್ನಿ, ಬನ್ನಿ, ಕೂತ್ಕೊಳ್ಳಿ" ಅಂದಳು ಕುರ್ಚಿಯವಳು.

ಅಂದಳು, ಆದರೆ ಎದ್ದೇಳಲಿಲ್ಲ. ಚಾಚಿದ ಕಾಲನ್ನೂ ಇಳಿಸಲಿಲ್ಲ. ಅಪ್ಪ ಟ್ರಂಕು ಇಳಿಸಿ, ಮಂಚದ ತುದಿಯಲ್ಲಿ ಅರ್ಧ ಕೂತು, ಮಣ್ಣು ಹಿಡಿದ ಉಗುರು ಕಾಣದಂತೆ ಬೆರಳು ಮಡಚಿಕೊಂಡ.

"ನೀರು ಬೇಕಾದ್ರೆ ಆ ಹೂಜೀಲಿದೆ, ತಗೊಳ್ಳಿ."

ಪುಟ್ಟಿಗೆ ಉರಿದುಹೋಯಿತು. ಮನೆಗೆ ಹಿರಿಯರು ಬಂದರೆ ಮಂಚದಿಂದ ಚಂಗನೆ ಜಿಗಿದೇಳಬೇಕು ಅಂತ ಬೆನ್ನಿಗೆ ಗುದ್ದಿಸಿಕೊಂಡು ಕಲಿತವಳು ಅವಳು. ಇವಳು ನೋಡಿದರೆ ಮಹಾರಾಣಿಯ ಹಾಗೆ ಕಾಲು ಚಾಚಿಕೊಂಡು, ನೀರನ್ನೂ ಅವರೇ ಬಗ್ಗಿಸಿಕೊಳ್ಳಲಿ ಅಂತಾಳೆ!

"ಏನಮ್ಮ ಓದೋದು ನೀನು?" ಅಂತ ಅಪ್ಪ ಕೇಳಿದ.

"ನಿಮ್ಮ ಮಗಳು ಓದೋದೇ. ಬಿ.ಎ. ಮೊದಲನೇ ವರ್ಷ."

"ಇಷ್ಟು ತಡವಾಗಿ?"

"ಬಟ್ಟೆ ಅಂಗಡೀಲಿ ಕೆಲಸಕ್ಕಿದ್ದೆ. ಇನ್ನಾದ್ರೂ ಕೂತು ಓದೋಣ ಅಂತ ಬಂದೆ."

ಮೆಟ್ಟಿಲು ಇಳಿಯುವಾಗ ಪುಟ್ಟಿ ಹಲ್ಲು ಕಚ್ಚಿಕೊಂಡೇ ಹೇಳಿದಳು: "ಎಂಥ ಗರ್ವ ಅಪ್ಪ ಅವಳಿಗೆ! ನೀನು ಬಂದ್ರೆ ಎದ್ದೇಳೋದು ಬೇಡ್ವಾ?"

"ಏಳದಿದ್ರೆ ಏನಾಯ್ತು, ಕೂತ್ಕೊಳ್ಳಿ ಅಂದ್ಲಲ್ಲ" ಅಂದ ಅಪ್ಪ. "ಬೆಳಗ್ಗೆಯಿಂದ ಈ ಕಾಲೇಜಲ್ಲಿ ಎಷ್ಟು ಕಿಟಕಿ ಮುಂದೆ ನಿಂತೆ? ಯಾರಾದ್ರೂ ಅಂದ್ರಾ?"

ಆ ಮಾತು ಪುಟ್ಟಿಗೆ ಆಗ ಸಮಾಧಾನ ಕೊಡಲಿಲ್ಲ. ಅಪ್ಪನಿಗೆ ಯಾರು ಏನಂದರೂ ಸರಿ ಅಂತ ಇನ್ನಷ್ಟು ಸಿಟ್ಟು ಬಂತು, ಅಷ್ಟೇ.

ವಾರ ಕಳೆಯುವಷ್ಟರಲ್ಲಿ ಅವಳಿಗೆ ಹೊಸಬರೆಲ್ಲ ಸೇರಿ 'ಕೂತ್ಕೊಳ್ಳಿ ಅಕ್ಕ' ಅಂತ ಹೆಸರಿಟ್ಟರು. ಕೋಣೆಗೆ ಯಾರೇ ಕಾಲಿಡಲಿ, ಸೂಜಿ ಕೇಳಲು ಬಂದವಳೋ, ಕಸ ಗುಡಿಸಲು ಬಂದವಳೋ, "ಬನ್ನಿ, ಬನ್ನಿ, ಕೂತ್ಕೊಳ್ಳಿ" ಅಂತ ಒಂದೇ ರಾಗ. ಕಿಟಕಿಯಲ್ಲಿ ಬೆಕ್ಕು ಇಣುಕಿದರೂ ಅದೇ ಬಹುವಚನ. ಪಕ್ಕದ ಕೋಣೆಯ ಗುಂಗುರು ಕೂದಲಿನ ಹುಡುಗಿ ಅದನ್ನು ಥೇಟ್ ಅನುಕರಿಸುತ್ತಿದ್ದಳು. ಎದುರಿಗೇ ಮಾಡಿ ತೋರಿಸಿದರೂ ಕೂತ್ಕೊಳ್ಳಿ ಅಕ್ಕ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. "ಕೊನೆಗೆ 'ಏನು ತೋರಿಸ್ಲಿ' ಅನ್ನೋದು ಬಿಟ್ರಿ. ಅದಿಲ್ದಿದ್ರೆ ಅಂಗಡಿ ಸೂಪರ್‌ವೈಸರ್ ಬೈತಾನೆ" ಅಂತ ತಿದ್ದುತ್ತಿದ್ದಳು.

ಅವಳ ಕಥೆ ಪುಟ್ಟಿಗೆ ತಿಳಿದದ್ದು ತುಂಡು ತುಂಡಾಗಿ. ಅಪ್ಪ ಲಾರಿ ಓಡಿಸುತ್ತಿದ್ದ. ಒಂದು ಸಲ ಲೋಡು ತುಂಬಿಕೊಂಡು ಹೋದವನು ವಾಪಸು ಬರಲಿಲ್ಲ. ಸತ್ತನೋ, ಇನ್ನೆಲ್ಲಾದರೂ ಇನ್ನೊಂದು ಸಂಸಾರ ಹೂಡಿದನೋ ಇವತ್ತಿಗೂ ಗೊತ್ತಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಆಯಾ. ಬೆನ್ನಿಗೆ ಒಬ್ಬ ತಮ್ಮ, ಒಬ್ಬಳು ತಂಗಿ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ, ರಜೆ ಮುಗಿಯುವವರೆಗೆ ಅಂತ ಬಟ್ಟೆ ಅಂಗಡಿಗೆ ಸೇರಿದವಳು, ತಮ್ಮನ ಓದು ಮುಗಿದು ತಂಗಿಯ ಮದುವೆಯಾಗುವವರೆಗೆ ಅಲ್ಲೇ ಉಳಿದಳು.

ಆ ಅಂಗಡಿಯಲ್ಲಿ ಕೂರುವ ಹಾಗಿರಲಿಲ್ಲ. ಗಿರಾಕಿಗೆ ಮೆತ್ತನೆ ದಿಂಬಿನ ಸ್ಟೂಲು, ಮಾಲೀಕನಿಗೆ ತಿರುಗುವ ಕುರ್ಚಿ. ಮಾರುವ ಹುಡುಗಿಯರಿಗೆ ನಿಲ್ಲಲು ನೆಲ. ಗಿರಾಕಿಯೇ ಇಲ್ಲದ ಮಟಮಟ ಮಧ್ಯಾಹ್ನದಲ್ಲೂ ಬಾಗಿಲ ಕಡೆ ಮುಖ ಮಾಡಿ ನಿಂತಿರಬೇಕು. ಕಪಾಟಿಗೆ ಒರಗಿದರೆ ಬೈಗುಳ. "ಕೂರೋದಕ್ಕೆ ಅಂತಲೇ ಕಕ್ಕಸಿಗೆ ಹೋಗ್ತಿದ್ವಿ" ಅಂದಿದ್ದಳು ಒಮ್ಮೆ, ಬಟ್ಟೆ ಮಡಚುತ್ತಲೇ. "ಸ್ವಲ್ಪ ತಡವಾದ್ರೆ ಆ ಸೂಪರ್‌ವೈಸರ್ ಬಂದು ಬಾಗಿಲು ಬಡೀತಿದ್ದ. ಒಳಗಿಂದ ಯಾರೂ ಮಾತಾಡ್ತಿರ್ಲಿಲ್ಲ. ಬಡ್ಕೊಳ್ಳೋ ಅಂತ ಇನ್ನೊಂದು ನಿಮಿಷ ಕೂರ್ತಿದ್ವಿ." ಪಿ.ಯು.ಸಿ.ಗೆ ಖಾಸಗಿಯಾಗಿ ಕಟ್ಟಿ, ಬಟ್ಟೆಯ ಮಡಿಕೆಯೊಳಗೆ ಪುಸ್ತಕ ಇಟ್ಟುಕೊಂಡು ನಿಂತೇ ಓದಿ ಪಾಸು ಮಾಡಿದ್ದಳು. ದಿನವಿಡೀ ಲೋಕಕ್ಕೆಲ್ಲ ಕೂತ್ಕೊಳ್ಳಿ ಅನ್ನುತ್ತ ತಾನು ನಿಂತೇ ಇದ್ದವಳಿಗೆ ಕಾಲೇಜು ಅಂದರೆ ಮೊದಲನೆಯದಾಗಿ ಒಂದು ಕುರ್ಚಿ.

ಮನೆ ಇದ್ದದ್ದು ರಾತ್ರಿಯಿಡೀ ಪ್ರಯಾಣದ ದೂರದಲ್ಲಿ. ಹಾಸ್ಟೆಲಿನ ಆ ಮಂಚ ಇದ್ದರೆ ಓದು, ಇಲ್ಲದಿದ್ದರೆ ಇಲ್ಲ. ಅದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹಾಗಿರುವಾಗ 'ಪಾಲಿಶ್ ಕ್ಲಾಸ್' ಬಂತು.

ಹೆಸರಿಟ್ಟವರು ಕೊನೆಯ ವರ್ಷದವರು. ಕೆಳಗಿನ ದೊಡ್ಡ ಹಜಾರದಲ್ಲಿ, ಸಂಜೆ ಕಾಲೇಜು ಬಿಟ್ಟ ಮೇಲೆ, ಹೊಸದಾಗಿ ಸೇರಿದವರನ್ನೆಲ್ಲ ನಿಲ್ಲಿಸಿ ನಡತೆ ಕಲಿಸುವುದು. ವಾರ್ಡನ್ ಮೇಡಂಗೂ ಗೊತ್ತಿತ್ತು. "ನಮ್ಮ ಹಾಸ್ಟೆಲಿನ ಹುಡುಗೀರು ಎಲ್ಲಿ ಹೋದ್ರೂ ಎದ್ದು ಕಾಣ್ತಾರೆ" ಅಂತ ಆಕೆ ಹೆಮ್ಮೆಯಿಂದ ಹೇಳುತ್ತಿದ್ದರು. ಎದ್ದು ಕಾಣುವುದಕ್ಕೆ ಮೊದಲು ಎದ್ದು ನಿಲ್ಲಬೇಕು ಅನ್ನುವುದು ಹೊಸಬರಿಗೆ ಆಮೇಲೆ ತಿಳಿಯಿತು.

ಕ್ಲಾಸಿನ ಯಜಮಾನಿಕೆ ಒಬ್ಬಳದು. ಇಸ್ತ್ರಿ ಮುರಿಯದ ಬಟ್ಟೆ, ಮೆಲುದನಿ, ಮುಖದಿಂದ ಇಳಿಯದ ನಗು. ಅವಳ ಬಾಯಿಂದ ಒಂದು ಒರಟು ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಏನು ಹೇಳುವುದಿದ್ದರೂ ಹಿಂದೆಯೋ ಮುಂದೆಯೋ ಒಂದು 'ಪ್ಲೀಸ್'. ಹೊಸಬರು ಗುಟ್ಟಾಗಿ ಅವಳನ್ನು ಪ್ಲೀಸಕ್ಕ ಅನ್ನುತ್ತಿದ್ದರು.

"ನಿಮ್ಮಲ್ಲಿ ಬಹಳ ಜನ ಹಳ್ಳಿಯಿಂದ ಬಂದಿದೀರಿ. ಅದು ತಪ್ಪಲ್ಲ" ಅಂದಳು ಪ್ಲೀಸಕ್ಕ ಮೊದಲ ದಿನ. "ಸ್ವಲ್ಪ ಪಾಲಿಶ್ ಆಗ್ಬೇಕು, ಅಷ್ಟೇ."

"ನಾವೇನು ಬೂಟಾ?" ಅಂತ ಹಿಂದಿನಿಂದ ಒಂದು ದನಿ ಗೊಣಗಿತು. ಪುಟ್ಟಿ ಕಿಸಕ್ಕನೆ ನಕ್ಕುಬಿಟ್ಟಳು.

"ನೀವು, ಹಸಿರು ದುಪಟ್ಟಾದವರು, ಪ್ಲೀಸ್, ಮುಂದೆ ಬಂದು ನಗ್ತೀರಾ? ನಮಗೂ ಕೇಳ್ಲಿ."

ಪುಟ್ಟಿ ಮುಂದೆ ಹೋದಳು. ನಗು ಬರಲಿಲ್ಲ.

"ನಗಿ, ಪ್ಲೀಸ್. ಆಗ ನಕ್ಕಿದ್ರಲ್ಲ, ಚೆನ್ನಾಗಿತ್ತು."

ಹಿ ಹಿ ಅಂದಳು. "ಇನ್ನೂ ಸ್ವಲ್ಪ. ಇಷ್ಟು ಒರಟಾಗಿ ಬೇಡ, ಹಲ್ಲು ಕಾಣದ ಹಾಗೆ. ಹಾಂ, ಮತ್ತೊಮ್ಮೆ. ಪ್ಲೀಸ್." ನಕ್ಕಳು, ನಕ್ಕಳು, ಕೊನೆಗೆ ನಗುವಿನ ಸದ್ದೇ ಅಳುವಾಗಿ ಹೊರಬಂತು. ಆಗ ಪ್ಲೀಸಕ್ಕ ತನ್ನ ಕರವಸ್ತ್ರ ಕೊಟ್ಟಳು. "ಥ್ಯಾಂಕ್ಯೂ ಹೇಳೋದು ಮರೀಬೇಡಿ" ಅಂತಲೂ ಅಂದಳು. ಆ ಕರವಸ್ತ್ರವನ್ನು ಅಲ್ಲೇ ಅವಳ ಬಾಯಿಗೆ ತುರುಕಬೇಕು ಅನ್ನಿಸಿತು ಪುಟ್ಟಿಗೆ. ಆದರೆ ಬಾಯಿಂದ ಬಂದದ್ದು "ಥ್ಯಾಂಕ್ಯೂ ಅಕ್ಕ."

ಆಮೇಲೆ ನಿಯಮಗಳು ಶುರುವಾದವು. ಕೊನೆಯ ವರ್ಷದವರನ್ನೆಲ್ಲ ಅಕ್ಕ ಅನ್ನಬೇಕು. ಅವರು ಎಲ್ಲಿ ಎದುರಾದರೂ ನಿಲ್ಲಬೇಕು. ಊಟದ ಕೋಣೆಯಲ್ಲಿ ತಟ್ಟೆಗೆ ಬಡಿಸಿಕೊಂಡು, ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿದ್ದು, ಅಕ್ಕಂದಿರೆಲ್ಲ ಕೂತು ಊಟ ಶುರುಮಾಡಿದ ಮೇಲೆ ಕೂರಬೇಕು. ಹೇಳುತ್ತಾ ಹೇಳುತ್ತಾ ಪ್ಲೀಸಕ್ಕನ ಕಣ್ಣು ಹಜಾರದ ಮೂಲೆಗೆ ಹೋಯಿತು. ಅಲ್ಲಿ ಕುರ್ಚಿಯೊಂದರಲ್ಲಿ ಕೂತ್ಕೊಳ್ಳಿ ಅಕ್ಕ ಆರಾಮಾಗಿ ಕೂತಿದ್ದಳು.

"ಪ್ಲೀಸ್, ಎದ್ದು ನಿಲ್ತೀರಾ?"

"ಇಲ್ಲ."

"ಯಾಕೆ ಅಂತ ಕೇಳ್ಬಹುದಾ?"

"ಕೇಳ್ಬಹುದು. ನಿಲ್ಲಲ್ಲ." ಆಮೇಲೆ ಮಾಮೂಲಿ ರಾಗದಲ್ಲಿ, "ಬನ್ನಿ, ನೀವೂ ಕೂತ್ಕೊಳ್ಳಿ. ಆಗಿಂದ ನಿಂತಿದೀರಿ."

ಹಜಾರದ ತುಂಬ ನಗು ಬುಸ್ಸನೆ ಎದ್ದು ಅಡಗಿತು. ಆ ಮಾತು ಅಣಕವಲ್ಲ, ಅವಳು ಎಲ್ಲರಿಗೂ ಹಾಗೇ ಹೇಳುವುದು ಅಂತ ಹೊಸಬರಿಗೆ ಗೊತ್ತಿತ್ತು. ಪ್ಲೀಸಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತೋ ಏನೋ. ಕಸ ಗುಡಿಸುವವಳಿಗೆ ಸಿಗುವ ಮರ್ಯಾದೆಯೇ ತನಗೂ ಸಿಕ್ಕರೆ ಅದನ್ನು ಮರ್ಯಾದೆ ಅಂತ ಒಪ್ಪುವ ಪೈಕಿ ಅಲ್ಲ ಅವಳು.

ಮರುದಿನದಿಂದ ಪ್ಲೀಸಕ್ಕ ಒಂದು ಹೊಸ ನಿಯಮ ತಂದಳು. ಕೂತ್ಕೊಳ್ಳಿ ಅಕ್ಕನನ್ನು ಯಾರೂ ಏನೂ ಅನ್ನಲಿಲ್ಲ. ಅವಳು ಕೂತೇ ಇದ್ದಳು. ಉಳಿದ ಹೊಸಬರು ಮಾತ್ರ ಅಕ್ಕಂದಿರು ಊಟ ಶುರುಮಾಡುವವರೆಗಲ್ಲ, ಮುಗಿಸುವವರೆಗೆ ನಿಲ್ಲಬೇಕು. "ನಿಮ್ಮಲ್ಲೇ ಒಬ್ಬರಿಗೆ ಅಭ್ಯಾಸ ಆಗಿಲ್ಲ. ಅವರ ಪಾಲಿನದನ್ನೂ ನೀವೇ ಮಾಡ್ಬೇಕಲ್ಲ, ಪ್ಲೀಸ್" ಅಂದಳು, ಹೂವು ಕೊಡುವವಳ ಹಾಗೆ.

ಕಣ್ಣೆದುರೇ ಅನ್ನ ಆರಿ ಗಟ್ಟಿಯಾಗುತ್ತಿತ್ತು. ಅಕ್ಕಂದಿರು ಒಂದೊಂದು ತುತ್ತಿಗೂ ಒಂದೊಂದು ಕಥೆ ಹೇಳಿಕೊಂಡು, ಎದ್ದು ಹೋಗಿ ಫೋನು ಮಾಡಿ ಬಂದು, ಮತ್ತೆ ಬಡಿಸಿಕೊಂಡು ತಿನ್ನುತ್ತಿದ್ದರು. ಹೊಸಬರ ಸಿಟ್ಟು ಯಾರ ಮೇಲೆ ಹೋಗಬೇಕಿತ್ತು? ಹೋದದ್ದು ಎದುರಿಗೆ ಕೂತು ಉಣ್ಣುತ್ತಿದ್ದವಳ ಮೇಲೆ. ಸಂಜೆ ಕೋಣೆಗೆ ಒಂದು ಹಿಂಡೇ ಬಂತು.

"ಒಂದ್ಸಲ ನಿಂತ್ಬಿಡಿ ಅಕ್ಕ. ಏನು ಗಂಟು ಹೋಗುತ್ತೆ ನಿಮ್ಮದು?" ಅಂದಳು ಗುಂಗುರು ಕೂದಲಿನವಳು.

"ಬನ್ನಿ, ಕೂತ್ಕೊಳ್ಳಿ."

"ಕೂತ್ಕೊಳ್ಳೋದಲ್ಲ ಅಕ್ಕ! ನೀವು ಕೂತಿರೋದಕ್ಕೇ ನಾವು ನಿಂತಿರೋದು!"

"ನಾನು ನಿಲ್ಲಿ ಅಂದ್ನಾ? ದಿನಾ ಕೂತ್ಕೊಳ್ಳಿ ಅಂತಾನೇ ಹೇಳ್ತಾ ಇದೀನಿ. ನನ್ನ ಮಾತು ಕೇಳಲ್ಲ, ಅವಳ ಮಾತು ಕೇಳ್ತೀರಿ. ಬೈಯೋದು ಮಾತ್ರ ನನಗೆ."

ಅವರು ಕಾಲು ಅಪ್ಪಳಿಸಿಕೊಂಡು ಹೋದರು. ಪುಟ್ಟಿಗೂ ತಲೆಗೇರಿತ್ತು. ಏನಾದರೂ ಅನ್ನಬೇಕು ಅಂತ ತಿರುಗಿದರೆ ಕೂತ್ಕೊಳ್ಳಿ ಅಕ್ಕ ಕಾಲುಚೀಲ ಇಳಿಸುತ್ತಿದ್ದಳು. ಇಷ್ಟು ದಿನ ಗೋಡೆ ಕಡೆ ತಿರುಗಿ ಬಿಚ್ಚುತ್ತಿದ್ದವಳು, ಅವತ್ತು ಸಿಟ್ಟಿನಲ್ಲಿ ಮರೆತಿದ್ದಳು. ಮೀನಖಂಡದ ಮೇಲೆ ನರಗಳು ಗಂಟುಗಂಟಾಗಿ, ನೀಲಿಯಾಗಿ, ಚರ್ಮದಡಿಯಲ್ಲಿ ಹಗ್ಗ ಸುತ್ತಿಟ್ಟ ಹಾಗೆ ಉಬ್ಬಿದ್ದವು. ಪಾದದ ಗಿಣ್ಣಿನ ಸುತ್ತ ಚರ್ಮ ಕಂದುಗಟ್ಟಿತ್ತು.

"ಅಯ್ಯೋ! ಏನಕ್ಕ ಇದು?"

"ನಿಂತಿದ್ದು" ಅಂದಳು ಅವಳು. "ಡಾಕ್ಟ್ರು ಅಂದ್ರು, ಇನ್ನು ಹೆಚ್ಚು ನಿಲ್ಬೇಡ ಅಂತ."

"ಇದನ್ನ ತೋರಿಸ್ಬಾರ್ದಾ ಅವರಿಗೆ? ತೋರಿಸಿದ್ರೆ ಅವರೇ ಬಿಡ್ತಾರೆ. ಎಲ್ಲ ಮುಗಿದೇಹೋಗುತ್ತೆ."

ಆಗ ಕೂತ್ಕೊಳ್ಳಿ ಅಕ್ಕನ ದನಿ ಏರಿತು. ಅಲ್ಲಿಯವರೆಗೆ ಪುಟ್ಟಿ ಅದನ್ನು ಕೇಳಿರಲಿಲ್ಲ.

"ಯಾಕೆ? ನನ್ನ ಕಾಲು ಚೆನ್ನಾಗಿದ್ದಿದ್ರೆ ನಿಲ್ಬೇಕಿತ್ತಾ?"

ಪುಟ್ಟಿ ಅಷ್ಟಕ್ಕೇ ಬಿಡಲಿಲ್ಲ. ಮರುದಿನ ತರಗತಿ ಮುಗಿದದ್ದೇ ತಡ, ವಾರ್ಡನ್ ಮೇಡಂ ಮನೆಗೆ ಹೋಗಿ, ಕಾಲಿನ ವಿಷಯವನ್ನೆಲ್ಲ ಹೇಳಿಬಿಟ್ಟಳು. ಮೇಡಂ ಸೋಫಾದಲ್ಲಿ ಕೂತು, ತಲೆ ಆಡಿಸುತ್ತ, "ಛೆ ಛೆ, ಪಾಪ. ಮೊದಲೇ ಹೇಳ್ಬಾರ್ದಾ? ನಾವೇನು ರಾಕ್ಷಸರಾ?" ಅಂದರು. ಎಷ್ಟು ಒಳ್ಳೆಯವರು ಅಂದುಕೊಂಡಳು ಪುಟ್ಟಿ. ಅಷ್ಟು ಹೊತ್ತೂ ತಾನು ಬಾಗಿಲ ಬಳಿ ನಿಂತೇ ಇದ್ದೆ ಅನ್ನುವುದು ಅವಳಿಗೆ ಹೊಳೆದದ್ದು ಮೆಟ್ಟಿಲು ಹತ್ತುವಾಗ.

ರಾತ್ರಿಯೂಟಕ್ಕೆ ಹೋದರೆ ಊಟದ ಕೋಣೆಯ ನಟ್ಟನಡುವೆ ಒಂದು ಕುರ್ಚಿ. ಅದಕ್ಕೆ ಹೂಬಟ್ಟೆಯ ದಿಂಬು, ಮುಂದೆ ಕಾಲಿಡಲು ಒಂದು ಸಣ್ಣ ಸ್ಟೂಲು. ವಾರ್ಡನ್ ಮೇಡಂ ಕೂಡ ಬಂದು ಕೂತಿದ್ದರು. ಕೂತ್ಕೊಳ್ಳಿ ಅಕ್ಕ ತಟ್ಟೆ ಹಿಡಿದು ಒಳಗೆ ಬಂದದ್ದೇ ಪ್ಲೀಸಕ್ಕ ಎದ್ದು ಹೋಗಿ ಅವಳ ಕೈ ಹಿಡಿದುಕೊಂಡಳು.

"ನಮಗೆ ಗೊತ್ತೇ ಇರ್ಲಿಲ್ಲ. ರಿಯಲಿ ಸಾರಿ. ಕಾಲು ಸರಿಯಿಲ್ಲ ಅಂತೆ ನಿಮಗೆ. ಪಾಪ, ಎಷ್ಟು ಕಷ್ಟಪಟ್ಟಿದೀರಿ! ಇವತ್ತಿಂದ ನಿಮಗೆ ಪರ್ಮಿಷನ್ ಇದೆ." ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಆ ಅಂಗಡಿಯ ರಾಗವನ್ನೇ ಎಳೆದು, "ಬನ್ನಿ, ಬನ್ನಿ, ಕೂತ್ಕೊಳ್ಳಿ!"

ಅಕ್ಕಂದಿರು ಚಪ್ಪಾಳೆ ತಟ್ಟಿದರು. ಮೇಡಂ ಮುಗುಳ್ನಕ್ಕರು. ಕುರ್ಚಿಗಳ ಹಿಂದೆ ಕೈಕಟ್ಟಿ ನಿಂತಿದ್ದ ಹೊಸಬರಲ್ಲೂ ಒಂದಿಬ್ಬರು ತಟ್ಟಿದರು. ಕೂತ್ಕೊಳ್ಳಿ ಅಕ್ಕ ಯಾರನ್ನೂ ನೋಡಲಿಲ್ಲ, ಪುಟ್ಟಿಯನ್ನು ನೋಡಿದಳು.

"ನಿನ್ನನ್ನ ಯಾರು ಕೇಳಿದ್ರು?" ಅಂದಳು.

ಬೆಕ್ಕಿಗೂ ಬಹುವಚನ ಹಚ್ಚುತ್ತಿದ್ದವಳು ಮೊದಲ ಸಲ 'ನಿನ್ನನ್ನ' ಅಂದಿದ್ದಳು. ಪುಟ್ಟಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಮನೆಯಲ್ಲಿ ಸ್ವಂತ ಅಕ್ಕನಿದ್ದಿದ್ದರೆ ಹೀಗೇ ಗದರುತ್ತಿದ್ದಳು ಅಂತಲೂ ಅನ್ನಿಸಿತು.

ಕೂತ್ಕೊಳ್ಳಿ ಅಕ್ಕ ಹೂಬಟ್ಟೆಯ ಕುರ್ಚಿಯನ್ನು ದಾಟಿ, ಹೊಸಬರ ಸಾಲಿಗೆ ನಡೆದು, ಪುಟ್ಟಿಯ ಪಕ್ಕದ ಖಾಲಿ ಕುರ್ಚಿಯ ಹಿಂದೆ ನಿಂತಳು. ತಟ್ಟೆಯನ್ನು ಮೇಜಿನ ಮೇಲಿಟ್ಟು ಕೈಕಟ್ಟಿದಳು.

"ಅಬ್ಬಾ, ಅಂತೂ ನಿಂತ್ಲಪ್ಪ!" ಅಂದಳು ಅಕ್ಕಂದಿರಲ್ಲಿ ಒಬ್ಬಳು. ಮತ್ತೆ ಚಪ್ಪಾಳೆ.

"ಕಾಲು ಕೆಟ್ಟವರಿಗೆ ಮಾತ್ರ ಕುರ್ಚಿ ಅಂದ್ರೆ ನನಗೆ ಬೇಡ" ಅಂದಳು ಅವಳು. "ನಿಮ್ಮ ಪರ್ಮಿಷನ್ ತಗೊಂಡು ನಾನು ಕೂರಲ್ಲ. ಇವರಿಗೆಲ್ಲ ಕೂತ್ಕೊಳ್ಳಿ ಅನ್ನಿ. ಆಮೇಲೆ ನಾನು ಕೂರ್ತೀನಿ."

ಪ್ಲೀಸಕ್ಕನ ನಗು ಇಳಿಯಲಿಲ್ಲ. "ನಿಮ್ಮಿಷ್ಟ" ಅಂತ ತನ್ನ ಜಾಗಕ್ಕೆ ಹೋಗಿ ಕೂತಳು. ಊಟ ಶುರುವಾಯಿತು. ಅವತ್ತು ಅಕ್ಕಂದಿರು ಉಂಡಷ್ಟು ನಿಧಾನವಾಗಿ ಯಾರೂ ಉಂಡಿರಲಾರರು. ಒಬ್ಬಳು ಸಿನಿಮಾದ ಕಥೆಯನ್ನು ಮೊದಲಿಂದ ಹೇಳಲು ಕೂತಳು. ಒಬ್ಬಳು ಮೂರನೇ ಸಲ ಬಡಿಸಿಕೊಂಡಳು. ಮೇಡಂ ತಟ್ಟೆಯ ಕಡೆಗೇ ಗಮನವಿಟ್ಟು ಉಣ್ಣುತ್ತಿದ್ದರು. ಸುತ್ತ ನಿಂತ ಮಕ್ಕಳು ಅವರ ಕಣ್ಣಿಗೆ ಕಂಬಗಳಾಗಿದ್ದರು.

ಪುಟ್ಟಿ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಕೂತ್ಕೊಳ್ಳಿ ಅಕ್ಕ ಅಂಗಡಿಯಲ್ಲಿ ನಿಂತ ಹಾಗೇ ನಿಂತಿದ್ದಳು, ಬಾಗಿಲ ಕಡೆ ಮುಖ ಮಾಡಿ, ಯಾವುದಕ್ಕೂ ಒರಗದೆ. ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸುತ್ತಿದ್ದಳು, ಹೊರಗೆ ಗೊತ್ತಾಗದಷ್ಟು ಮೆಲ್ಲಗೆ. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಇವಳನ್ನು ನಿಲ್ಲಿಸಿದ್ದು ಪ್ಲೀಸಕ್ಕ ಅಲ್ಲ, ನಾನು, ಅಂದುಕೊಂಡಳು ಪುಟ್ಟಿ. ಅಪ್ಪ ಕಿಟಕಿ ಕಿಟಕಿಯ ಮುಂದೆ ನಿಂತದ್ದು ನೆನಪಾಯಿತು. ತಾನು ಮೇಡಂ ಮನೆಯ ಬಾಗಿಲಲ್ಲಿ ನಿಂತದ್ದು, ಹಜಾರದಲ್ಲಿ ನಿಂತು ನಕ್ಕದ್ದು ನೆನಪಾಯಿತು. ಥ್ಯಾಂಕ್ಯೂ ಅಕ್ಕ! ಥೂ!

ಪುಟ್ಟಿ ಕುರ್ಚಿ ಎಳೆದಳು. ಕಬ್ಬಿಣದ ಕಾಲು ನೆಲದ ಮೇಲೆ ಕಿರ್‍ರನೆ ಕಿರುಚಿತು. ಇಡೀ ಕೋಣೆ ತಿರುಗಿ ನೋಡಿತು. ಅವಳು ಕೂತಳು, ತಟ್ಟೆ ಹತ್ತಿರ ಎಳೆದುಕೊಂಡಳು, ಪಕ್ಕದ ಕುರ್ಚಿಯನ್ನೂ ಒಂದು ಕೈಯಿಂದ ಹಿಂದೆ ಸರಿಸಿದಳು.

"ಬನ್ನಿ ಅಕ್ಕ, ಕೂತ್ಕೊಳ್ಳಿ."

ಕೂತ್ಕೊಳ್ಳಿ ಅಕ್ಕ ಅವಳನ್ನು ಒಂದು ಕ್ಷಣ ನೋಡಿದಳು. ಕೂತಳು.

"ಪ್ಲೀಸ್, ಎದ್ದು ನಿಲ್ತೀರಾ?" ಅಂದಳು ಪ್ಲೀಸಕ್ಕ ಅಲ್ಲಿಂದಲೇ.

ಪುಟ್ಟಿಯ ಬಾಯಿ ತುಂಬ ಅನ್ನವಿತ್ತು. ಬೇಕೆಂದೇ ನಿಧಾನವಾಗಿ ಅಗಿದಳು. ಅಷ್ಟರಲ್ಲಿ ಇನ್ನೊಂದು ಕುರ್ಚಿ ಕಿರುಚಿತು, ಗುಂಗುರು ಕೂದಲಿನವಳದು. ಆಮೇಲೆ ಮತ್ತೊಂದು.

"ನಾನು ಹೇಳ್ತಾ ಇದೀನಿ. ಪ್ಲೀಸ್."

ಯಾರೂ ಏಳಲಿಲ್ಲ. ಪ್ಲೀಸಕ್ಕನ ಕತ್ತು ಕೆಂಪಾಯಿತು. ಅವಳು ದಡಕ್ಕನೆ ಎದ್ದಳು, ಎದ್ದ ರಭಸಕ್ಕೆ ಲೋಟ ಉರುಳಿತು.

"ಏಯ್, ಏಳೇ ಮೇಲೆ! ಬಾವಿ ತೋಡೋನ ಮಗಳಿಗೆ ಕುರ್ಚಿ ಬೇರೆ ಕೇಡು! ಏಳ್ತೀಯೋ ಇಲ್ವೋ?"

ಆಗ ಕೂತ್ಕೊಳ್ಳಿ ಅಕ್ಕ ತುತ್ತು ಕಲಸುತ್ತ, ತಲೆಯೆತ್ತದೆ ಅಂದಳು: "ಪಾಲಿಶ್ ಕಿತ್ತು ಬಂತು ನೋಡಿ."

ನಿಂತಿದ್ದವರಲ್ಲಿ ಅರ್ಧದಷ್ಟು ಜನ ಕೂತದ್ದು ಆ ಮಾತಿಗೆ ಎದ್ದ ನಗುವಿನಲ್ಲಿ. ಉಳಿದರ್ಧ ನಿಂತೇ ಇತ್ತು. ಅವರನ್ನೂ ಪುಟ್ಟಿ ಮರೆತಿಲ್ಲ.

ಮೂರು ದಿನದ ಮೇಲೆ ಪುಟ್ಟಿಯ ಅಪ್ಪನನ್ನು ಕರೆಸಿದರು. ಬೈದವಳ ಅಪ್ಪನನ್ನಲ್ಲ, ಬೈಸಿಕೊಂಡವಳ ಅಪ್ಪನನ್ನು. ವಾರ್ಡನ್ ಕಚೇರಿಯಲ್ಲಿ ಮೇಜಿನ ಈಚೆ ಎರಡು ಕುರ್ಚಿ. ಒಂದರಲ್ಲಿ ಕೂತ್ಕೊಳ್ಳಿ ಅಕ್ಕ ಆಗಲೇ ಕೂತಿದ್ದಳು. ಅಪ್ಪ ಒಳಗೆ ಬಂದು, ಟವೆಲನ್ನು ಹೆಗಲಿಂದ ಕೈಗೆ ತೆಗೆದುಕೊಂಡು ನಿಂತ.

"ನಿಮ್ಮ ಮಗಳು ಒಳ್ಳೆ ಹುಡುಗಿ" ಅಂತ ಮೇಡಂ ಶುರುಮಾಡಿದರು. "ಸಹವಾಸ ಸರಿಯಿಲ್ಲ. ದೊಡ್ಡವರು ಚಿಕ್ಕವರು ಅನ್ನೋದು ಬೇಡ್ವಾ? ಓದು ಎಷ್ಟಿದ್ರೇನು, ಮ್ಯಾನರ್ಸ್ ಇಲ್ದಿದ್ರೆ?"

"ಹೌದು ತಾಯಿ" ಅಂದ ಅಪ್ಪ.

"ಅಪ್ಪ, ಕೂತ್ಕೊ" ಅಂದಳು ಪುಟ್ಟಿ.

"ಇರ್ಲಿ ಬಿಡೇ" ಅಂತ ಅವನು ಮೇಡಂ ಮುಖ ನೋಡಿದ. ಮೇಡಂ ಪೆನ್ನಿನ ಮುಚ್ಚಳ ನೋಡುತ್ತಿದ್ದರು. ಅಪ್ಪನಂಥ ಅಪ್ಪ, ಆಳುದ್ದದ ಹೊಂಡದೊಳಗಿಳಿದು ಬಂಡೆ ಒಡೆಯುವವನು, ಒಂದು ಪ್ಲಾಸ್ಟಿಕ್ ಕುರ್ಚಿಗೆ ಹೆದರಿ ನಿಂತಿದ್ದ. ಪುಟ್ಟಿಗೆ ಅಳಬೇಕೋ ಮೇಜು ಮಗುಚಬೇಕೋ ತಿಳಿಯಲಿಲ್ಲ.

"ಬನ್ನಿ, ಬನ್ನಿ, ಕೂತ್ಕೊಳ್ಳಿ" ಅಂದಳು ಕೂತ್ಕೊಳ್ಳಿ ಅಕ್ಕ, ಕೂತಲ್ಲಿಂದಲೇ, ಪಕ್ಕದ ಕುರ್ಚಿಯನ್ನು ತಟ್ಟುತ್ತ.

ಅಪ್ಪ ಅವಳ ಗುರುತು ಹಿಡಿದ. ಬಂದು ಕೂತ. ಈ ಸಲ ಅರ್ಧವಲ್ಲ, ಪೂರ್ತಿ.

"ನಾನು ಕೂತ್ಕೊಳ್ಳಿ ಅಂದಿಲ್ವಲ್ಲ?" ಅಂದರು ಮೇಡಂ.

"ಅದಕ್ಕೇ ನಾನು ಹೇಳಿದ್ದು."

ತೀರ್ಮಾನ ಮೊದಲೇ ಆಗಿತ್ತು. ಪುಟ್ಟಿಗೆ ಎಚ್ಚರಿಕೆ. ಕೂತ್ಕೊಳ್ಳಿ ಅಕ್ಕ ಎಲ್ಲರ ಮುಂದೆ ಎದ್ದು ನಿಂತು ತಪ್ಪಾಯಿತು ಅನ್ನಬೇಕು, ಇಲ್ಲವೇ ವಾರದೊಳಗೆ ಕೋಣೆ ಖಾಲಿ ಮಾಡಬೇಕು. ಡಾಕ್ಟರ ಸರ್ಟಿಫಿಕೇಟು ತಂದರೆ ನಿಲ್ಲುವುದರಿಂದ ವಿನಾಯಿತಿ ಕೊಡುತ್ತೇವೆ, ಕೂತೇ ತಪ್ಪಾಯಿತು ಅನ್ನಬಹುದು ಅಂತಲೂ ಮೇಡಂ ಹೇಳಿದರು. ಅಷ್ಟು ಸೌಜನ್ಯ ಅವರಲ್ಲಿತ್ತು.

ಅವಳು ಮರುದಿನವೇ ಖಾಲಿ ಮಾಡಿದಳು. ಟ್ರಂಕಿಗೆ ಬಟ್ಟೆ ಜೋಡಿಸುವಾಗ ಪುಟ್ಟಿ ಮಂಚದಲ್ಲಿ ಕೂತು ಮೂಗು ಎಳೆಯುತ್ತಿದ್ದಳು.

"ನಾನು ಹೋಗಿ ಹೇಳ್ದೇ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ."

"ಹೌದು. ಹೀಗಾಗ್ತಿರ್ಲಿಲ್ಲ" ಅಂದಳು ಅವಳು. ಸಮಾಧಾನ ಮಾಡಲು ಹೋಗಲಿಲ್ಲ. ಕೊನೆಯ ಟವೆಲು ಮಡಚಿಟ್ಟು, "ಆದ್ರೆ ಕುರ್ಚಿ ಎಳೆದ್ರಲ್ಲ, ಆ ಸದ್ದು ಚೆನ್ನಾಗಿತ್ತು" ಅಂತ ಟ್ರಂಕು ಮುಚ್ಚಿದಳು. ಕೋಪ ಇಳಿದಿತ್ತು, ಮತ್ತೆ ಬಹುವಚನ ಬಂದಿತ್ತು.

ಬಸ್ ನಿಲ್ದಾಣದ ಹಿಂದೆ, ಅಮ್ಮನ ಗುರುತಿನ ನರ್ಸೊಬ್ಬರ ಮನೆಯ ಹಿತ್ತಿಲ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಬಾಡಿಗೆ ಕಟ್ಟಲು ಸಂಜೆಗಳಲ್ಲಿ, ಭಾನುವಾರಗಳಲ್ಲಿ ಮತ್ತೆ ಒಂದು ಬಟ್ಟೆ ಅಂಗಡಿಗೆ ಸೇರಿದಳು. ಮತ್ತೆ ನಿಂತಳು. ನಡತೆ ಕಲಿಸಿದವರು ಅವಳಿಗೆ ಕೊಟ್ಟ ಬಹುಮಾನ ಅದು. ಕಾಲು ಕೈಕೊಟ್ಟು ಒಂದು ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. ಡಿಗ್ರಿ ಒಂದು ವರ್ಷ ತಡವಾಗಿ ಬಂತು. ಪ್ಲೀಸಕ್ಕನಿಗೆ ಹಾಸ್ಟೆಲಿನಲ್ಲಿ ಇದೆಲ್ಲ ನಡೆದ ವರ್ಷವೇ ಉತ್ತಮ ನಡತೆಯ ಪ್ರಶಸ್ತಿ ಸಿಕ್ಕಿತು. ವೇದಿಕೆಯ ಮೇಲೆ ಅವಳು ಬಗ್ಗಿದ್ದು, ಹೂಗುಚ್ಛ ಹಿಡಿದದ್ದು, ಥ್ಯಾಂಕ್ಯೂ ಅಂದದ್ದು ಒಂದರಲ್ಲೂ ತಪ್ಪು ಹುಡುಕುವ ಹಾಗಿರಲಿಲ್ಲ.

ಪುಟ್ಟಿಯ ತಂಡ ಕೊನೆಯ ವರ್ಷಕ್ಕೆ ಬಂದಾಗ ನಿಲ್ಲುವ ನಿಯಮ ಬೇಕೋ ಬೇಡವೋ ಅಂತ ಅದೇ ಹಜಾರದಲ್ಲಿ ಜಗಳವಾಯಿತು. "ನಾವು ನಿಂತಿಲ್ವಾ? ಅವರೂ ಒಂಚೂರು ನಿಲ್ಲಲಿ" ಅಂದವರಲ್ಲಿ ಅವತ್ತು ಕೂತಿದ್ದವರೂ ಇದ್ದರು. ಪುಟ್ಟಿ ಗಂಟಲು ಹರಿಯುವವರೆಗೆ ಕೂಗಾಡಿ, ಒಬ್ಬಳ ಹತ್ತಿರ ಮಾತು ಬಿಟ್ಟು, ನಿಲ್ಲುವುದನ್ನು ತೆಗೆಸಿದಳು. ಅಕ್ಕ ಅನ್ನಿಸಿಕೊಳ್ಳುವುದನ್ನು ತೆಗೆಸಲು ಅವಳಿಂದಾಗಲಿಲ್ಲ. ಅದು ಇನ್ನೂ ಇದೆಯಂತೆ.

ಕೂತ್ಕೊಳ್ಳಿ ಅಕ್ಕ ಈಗ ನಗರಸಭೆಯ ಜನನ ಮರಣ ನೋಂದಣಿ ವಿಭಾಗದಲ್ಲಿ ಗುಮಾಸ್ತೆ. ಕೌಂಟರಿನ ಒಳಗೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಾಳೆ. ಕೌಂಟರಿನ ಹೊರಗೆ, ಮೇಲಧಿಕಾರಿಯ ಜೊತೆ ವರ್ಷವಿಡೀ ಜಗಳವಾಡಿ ಹಾಕಿಸಿದ ಎರಡು ಕುರ್ಚಿಗಳಿವೆ. ಸಭೆಗೆ ಬೇಕು ಅಂತ ಯಾರಾದರೂ ಅವನ್ನು ಎತ್ತಿಕೊಂಡು ಹೋದರೆ, ವಾಪಸು ತಂದಿಡುವವರೆಗೆ ಅವಳು ಒಂದು ಕಾಗದಕ್ಕೂ ಸೀಲು ಹಾಕುವುದಿಲ್ಲ.